ನದಿಗೆ ಮದ್ದಿನ ಚೀಟಿ ಬರೆದವರು ಯಾರು?

ನನ್ನ ಅಕ್ಕನ ಮಗಳು ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗಿನ ಮಾತು. ಕೊನೆಯ ವರ್ಷದ ಪ್ರಾಜೆಕ್ಟಿಗೆಂದು ಅವಳು ಪಟ್ಟಣದಂಚಿನ ಕೆರೆಯೊಂದರಿಂದ ವಾರಕ್ಕೊಮ್ಮೆ ಬಾಟಲಿಗಳಲ್ಲಿ ನೀರು ತುಂಬಿಸಿ ತರುತ್ತಿದ್ದಳು. ಆ ನೀರಿನಲ್ಲಿ ಯಾವ ಯಾವ ಬ್ಯಾಕ್ಟೀರಿಯಗಳು ಎಷ್ಟೆಷ್ಟಿವೆ ಎಂದು ಎಣಿಸುವುದು ಅವಳ ಕೆಲಸ. ದಂಡೆಯಲ್ಲಿ ಕೂತು ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರು ಕೆಲವು ವಾರ ಇದನ್ನು ಸುಮ್ಮನೆ ನೋಡಿದರು. ಒಂದು ದಿನ ಕೇಳಿಯೇ ಬಿಟ್ಟರು: "ಏನಮ್ಮಾ, ವಾರವಾರವೂ ನೀರು ತಗೊಂಡು ಹೋಗ್ತೀಯಲ್ಲ, ಈ ಕೆರೆ ಮೀನು ತಿನ್ನಬಹುದಾ ಇಲ್ವಾ, ಅಷ್ಟು ಹೇಳಮ್ಮಾ."

ಅವಳ ಬಳಿ ಉತ್ತರವಿರಲಿಲ್ಲ. "ಮಾಮ, ಅವರಿಗೆ ನಾನು ಏನು ಹೇಳಬೇಕಿತ್ತು? ಅದು ನನ್ನ ಪ್ರಾಜೆಕ್ಟಿನಲ್ಲೇ ಇಲ್ಲ" ಎಂದು ಅಂದು ಸಂಜೆ ಅವಳು ಕೇಳಿದಳು. ಮೀನಿನ ಮಾಂಸದಲ್ಲಿ ಸೀಸವೋ ಪಾದರಸವೋ ಇದೆಯೇ ಎಂಬುದನ್ನು ರಸಾಯನಶಾಸ್ತ್ರದವರು ಹೇಳಬೇಕು. ಕೆರೆಗೆ ಯಾವ ಮೋರಿಯಿಂದ ಏನು ಸೇರುತ್ತದೆ ಎಂಬುದನ್ನು ಪರಿಸರ ವಿಜ್ಞಾನದವರು ಹೇಳಬೇಕು. ತಿಂದವರಿಗೆ ಏನಾಗುತ್ತದೆ ಎಂಬುದನ್ನು ವೈದ್ಯರು ಹೇಳಬೇಕು. ಮೊದಲ ಎರಡು ವಿಭಾಗಗಳು ಅವಳ ವಿಭಾಗವಿದ್ದ ಕಾಂಪೌಂಡಿನೊಳಗೇ ಇದ್ದವು. ಆದರೂ ಆ ಪ್ರಶ್ನೆ ಅಲ್ಲಿಗೆ ಹೋಗಿ ಮುಟ್ಟಲಿಲ್ಲ. ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ರಟ್ಟು ಹಾಕಿದ ಪ್ರತಿಯೊಂದು ಗ್ರಂಥಾಲಯದ ಕಪಾಟು ಸೇರಿತು. ಮುದುಕರು ಮೀನು ಹಿಡಿಯುತ್ತಲೇ ಇದ್ದರು.

ಇದರಲ್ಲಿ ಯಾರದಾದರೂ ತಪ್ಪಿದೆಯೇ? ಮೇಲ್ನೋಟಕ್ಕೆ ಇಲ್ಲ. ಹುಡುಗಿ ಪ್ರಾಮಾಣಿಕವಾಗಿ ದುಡಿದಿದ್ದಳು. ತನಗೆ ಗೊತ್ತಿಲ್ಲದ್ದನ್ನು ಗೊತ್ತಿದೆ ಎನ್ನಲಿಲ್ಲ. ಹಾಗಿದ್ದರೂ ಆ ದಂಡೆಯ ಮೇಲೆ ಏನೋ ಒಂದು ಬಾಕಿ ಉಳಿದುಹೋಯಿತು ಎಂಬ ಭಾವನೆ ನನ್ನನ್ನು ಬಿಡಲಿಲ್ಲ. "ಅದು ನನ್ನ ವಿಷಯವಲ್ಲ" ಎಂಬ ಮಾತು ಎಲ್ಲಿಯವರೆಗೆ ವಿನಯ, ಎಲ್ಲಿಂದ ಮುಂದೆ ನುಣುಚಿಕೊಳ್ಳುವಿಕೆ? ನಮ್ಮ ವಿಶ್ವವಿದ್ಯಾಲಯಗಳಲ್ಲಿ ಈಗ 'ಬಹುಶಿಸ್ತೀಯ ಸಂಶೋಧನೆ' ಎಂಬ ಮಾತು ಬಹಳ ಓಡಾಡುತ್ತಿದೆ. ಸೆಮಿನಾರುಗಳ ಬ್ಯಾನರಿನಲ್ಲಿ, ಅನುದಾನದ ಅರ್ಜಿಗಳಲ್ಲಿ ಅದು ಕಡ್ಡಾಯ ಎಂಬಂತಾಗಿದೆ. ಅದನ್ನು ನಾವು ಕೇವಲ ಒಂದು ವಿಧಾನವೆಂದು ತಿಳಿದಿದ್ದೇವೆ. ಅದು ನೈತಿಕ ಪ್ರಶ್ನೆಯೂ ಹೌದು ಎಂಬುದನ್ನು ನಮ್ಮ ನೆರೆಯ ನದಿಯೊಂದರ ಕತೆ ತೋರಿಸುತ್ತದೆ.

ಮಂಜೀರಾ ನದಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಗಳಲ್ಲಿ ಹುಟ್ಟುತ್ತದೆ. ನಮ್ಮ ಬೀದರ್ ಜಿಲ್ಲೆಯ ಹೊಲಗಳಿಗೆ ನೀರುಣಿಸಿ ತೆಲಂಗಾಣವನ್ನು ಸೇರುತ್ತದೆ. ಅಲ್ಲಿ ಉತ್ತರಕ್ಕೆ ತಿರುಗಿ ಕೊನೆಗೆ ಗೋದಾವರಿಯಲ್ಲಿ ಕೂಡುತ್ತದೆ. ಬೀದರನ್ನು ದಾಟಿ ಮುಂದೆ ಹೋದ ಈ ನದಿಗೆ ತೆಲಂಗಾಣದಲ್ಲಿ ನಕ್ಕವಾಗು ಎಂಬ ಹಳ್ಳವೊಂದು ಬಂದು ಸೇರುತ್ತದೆ. ಈ ಹಳ್ಳ ಹೈದರಾಬಾದಿನ ಹೊರವಲಯದ ಪಟಾಂಚೆರು ಕಡೆಯಿಂದ ಬರುವಂಥದ್ದು. ಪಟಾಂಚೆರು ಎಂದರೆ ಔಷಧಿ ತಯಾರಿಕೆಯ ದೊಡ್ಡ ಕೇಂದ್ರ. ಜಗತ್ತಿನ ಎಷ್ಟೋ ದೇಶಗಳ ಜನ ನುಂಗುವ ಮಾತ್ರೆಗಳ ಮೂಲದ್ರವ್ಯ ಇಲ್ಲಿನ ಕಾರ್ಖಾನೆಗಳಲ್ಲಿ ತಯಾರಾಗುತ್ತದೆ. ಸುಮಾರು 90 ತಯಾರಕರ ತ್ಯಾಜ್ಯ ನೀರು ಒಂದೇ ಸಾಮೂಹಿಕ ಶುದ್ಧೀಕರಣ ಘಟಕಕ್ಕೆ ಹೋಗಿ, ಅಲ್ಲಿಂದ ಹೊರಬಿದ್ದು ಹಳ್ಳಕ್ಕೆ ಸೇರುತ್ತಿತ್ತು.

ಈ ಘಟಕದಿಂದ ಹೊರಬರುವ, ಅಂದರೆ 'ಶುದ್ಧೀಕರಿಸಿದ' ನೀರನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಜೋಕಿಮ್ ಲಾರ್ಸನ್ ಮತ್ತು ಸಂಗಡಿಗರು ಪರೀಕ್ಷಿಸಿದರು. 2007ರಲ್ಲಿ ಫಲಿತಾಂಶ ಪ್ರಕಟವಾಯಿತು. ಲಾರ್ಸನ್ ಆಸ್ಪತ್ರೆಯ ವೈದ್ಯರಲ್ಲ. ನೀರಿಗೆ ಸೇರಿದ ರಾಸಾಯನಿಕಗಳು ಮೀನುಗಳಂಥ ಜಲಚರಗಳನ್ನು ಹೇಗೆ ಬಾಧಿಸುತ್ತವೆ ಎಂಬುದನ್ನು ಅಧ್ಯಯನ ಮಾಡುತ್ತ ಬಂದವರು. ಔಷಧಿಯ ಅಂಶ ನದಿಗಳಲ್ಲಿ ಸಿಗುತ್ತದೆ ಎಂಬುದು ಆಗಲೇ ಗೊತ್ತಿತ್ತು. ಮನುಷ್ಯರು ನುಂಗಿದ ಮಾತ್ರೆಯ ಒಂದಿಷ್ಟು ಭಾಗ ಮೂತ್ರದ ಮೂಲಕ ಚರಂಡಿಗೆ ಹೋಗುತ್ತದೆ, ಆದರೆ ಅದರ ಪ್ರಮಾಣ ತೀರಾ ಅತ್ಯಲ್ಪ ಎಂಬುದು ಪಾಶ್ಚಾತ್ಯ ದೇಶಗಳ ಅನುಭವ. ಪಟಾಂಚೆರುವಿನಲ್ಲಿ ಕಂಡದ್ದು ಬೇರೆಯೇ. ನಾವೆಲ್ಲ ಬಲ್ಲ ಸಿಪ್ರೋಫ್ಲಾಕ್ಸಸಿನ್ ಎಂಬ ಆಂಟಿಬಯೋಟಿಕ್ ಆ ನೀರಿನಲ್ಲಿ ಲೀಟರಿಗೆ 31 ಮಿಲಿಗ್ರಾಂವರೆಗೆ ಇತ್ತು. ಆ ಮಾತ್ರೆ ಸೇವಿಸುತ್ತಿರುವ ರೋಗಿಯ ರಕ್ತದಲ್ಲಿ ಇರುವುದಕ್ಕಿಂತಲೂ ಇದು ಹೆಚ್ಚು. 2009ರಲ್ಲಿ ಬಂದ ಮುಂದಿನ ಅಧ್ಯಯನ ಲೆಕ್ಕ ಹಾಕಿ ಹೇಳಿದ್ದು: ಒಂದೇ ದಿನದಲ್ಲಿ ಹೊರಬಿದ್ದ ಸಿಪ್ರೋಫ್ಲಾಕ್ಸಸಿನ್ ಸುಮಾರು 44 ಕಿಲೋ. ಅದು ಇಡೀ ಸ್ವೀಡನ್ ದೇಶ ಐದು ದಿನಗಳಲ್ಲಿ ಬಳಸುವಷ್ಟು. 44,000 ಜನರಿರುವ ಒಂದು ಪಟ್ಟಣದ ಪ್ರತಿಯೊಬ್ಬರಿಗೂ ಚಿಕಿತ್ಸೆ ಕೊಡಲು ಸಾಲುವಷ್ಟು. ಸುತ್ತಲಿನ ಹಳ್ಳಿಗಳ ಬಾವಿ ನೀರಿನಲ್ಲೂ ಔಷಧಿಯ ಅಂಶಗಳು ಸಿಕ್ಕವು.

ನಮ್ಮ ಮನೆಯ ಆಂಟಿಬಯೋಟಿಕ್ ಸ್ಟ್ರಿಪ್ಪಿನ ಮೇಲೆ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ಇದನ್ನು ನುಂಗಬೇಡಿ ಎಂದು ಎಚ್ಚರಿಸಲು 2016ರಲ್ಲಿ ಸರ್ಕಾರ ಆ ಗೆರೆಯ ಬಗ್ಗೆ ಪ್ರಚಾರ ಆರಂಭಿಸಿತು. ಒಳ್ಳೆಯ ಕೆಲಸವೇ. ಆದರೆ ದಿನಕ್ಕೆ 44 ಕಿಲೋ ನುಂಗಿದ ನದಿಗೆ ಚೀಟಿ ಬರೆದ ವೈದ್ಯರು ಯಾರು?

ನದಿ ಅದನ್ನು ನುಂಗಿದರೆ ಏನಾಗುತ್ತದೆ? ಬ್ಯಾಕ್ಟೀರಿಯಗಳ ಲೋಕದ ರೀತಿನೀತಿ ಅರಿತರೆ ಅಪಾಯದ ಅಳತೆ ಸಿಗುತ್ತದೆ. ಆಂಟಿಬಯೋಟಿಕ್ ತುಂಬಿದ ನೀರಿನಲ್ಲಿ ದುರ್ಬಲ ಬ್ಯಾಕ್ಟೀರಿಯಗಳು ಸಾಯುತ್ತವೆ. ಅದನ್ನು ತಾಳಿಕೊಳ್ಳಬಲ್ಲವು ಉಳಿದು ಬೆಳೆಯುತ್ತವೆ. ಅಷ್ಟೇ ಆಗಿದ್ದರೆ ಸಮಸ್ಯೆ ಆ ಹಳ್ಳಕ್ಕೇ ಸೀಮಿತವಾಗುತ್ತಿತ್ತೇನೋ. ಆದರೆ ತಾಳಿಕೊಳ್ಳುವ ವಿದ್ಯೆಯನ್ನು ಅವು ಮರಿಗಳಿಗಷ್ಟೇ ಕೊಡುವುದಿಲ್ಲ, ಪಕ್ಕದವರಿಗೂ ದಾಟಿಸುತ್ತವೆ. ಪ್ಲಾಸ್ಮಿಡ್ ಎಂಬ ಪುಟ್ಟ ಡಿ.ಎನ್.ಎ. ಉಂಗುರಗಳ ಮೂಲಕ ಒಂದು ಜಾತಿಯ ಬ್ಯಾಕ್ಟೀರಿಯ ಇನ್ನೊಂದು ಜಾತಿಗೂ ಈ ಜೀನುಗಳನ್ನು ಕೈಬದಲು ಮಾಡಬಲ್ಲದು. ಕೆಸರಿನಲ್ಲಿರುವ ನಿರುಪದ್ರವಿ ಜೀವಿ ಕಲಿತದ್ದು ನಾಳೆ ಆಸ್ಪತ್ರೆಯ ಹಾಸಿಗೆಯ ಮೇಲಿರುವ ರೋಗಿಯ ದೇಹದೊಳಗಿನ ಜೀವಿಗೆ ಸಿಗಬಹುದು. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ವಿಜ್ಞಾನಿಗಳು ಲಾರ್ಸನ್ ತಂಡದ ಜೊತೆ ಸೇರಿ ಆ ಘಟಕದ ಕೆಸರು ಮತ್ತು ನೀರಿನಿಂದ 93 ಬ್ಯಾಕ್ಟೀರಿಯ ತಳಿಗಳನ್ನು ಬೇರ್ಪಡಿಸಿ ನೋಡಿದರು. ಅವುಗಳಲ್ಲಿ ಶೇ. 86ರಷ್ಟು, 20 ಅಥವಾ ಅದಕ್ಕೂ ಹೆಚ್ಚು ಆಂಟಿಬಯೋಟಿಕ್‌ಗಳಿಗೆ ಬಗ್ಗದವು ಎಂದು 2013ರಲ್ಲಿ ಪ್ರಕಟವಾಯಿತು.

ನೆನಪಿಡಬೇಕಾದ ಸಂಗತಿಯೆಂದರೆ, ಈ ಚಿತ್ರ ಪೂರ್ತಿಯಾದದ್ದು ಒಬ್ಬರಿಂದಲ್ಲ. ನೀರಿನಲ್ಲಿ ಔಷಧಿ ಎಷ್ಟಿದೆ ಎಂದು ಅಳೆಯಲು ರಸಾಯನಶಾಸ್ತ್ರ ಬೇಕಾಯಿತು. ಅದು ಎಲ್ಲಿಂದ ಎಲ್ಲಿಗೆ ಹರಿಯಿತು ಎಂದು ತಿಳಿಯಲು ಪರಿಸರ ವಿಜ್ಞಾನ ಬೇಕಾಯಿತು. ಬದುಕುಳಿದ ಜೀವಿಗಳನ್ನು ಗುರುತಿಸಲು ಸೂಕ್ಷ್ಮಜೀವಿಶಾಸ್ತ್ರ, ಕೆಸರಿನಲ್ಲಿ ಅಡಗಿದ್ದ ಜೀನುಗಳನ್ನು ಓದಲು ತಳಿವಿಜ್ಞಾನ ಮತ್ತು ಸಂಖ್ಯಾಶಾಸ್ತ್ರ, ಇದೆಲ್ಲ ರೋಗಿಗೆ ಏನು ಮಾಡೀತು ಎಂದು ಹೇಳಲು ವೈದ್ಯಶಾಸ್ತ್ರ ಬೇಕಾದವು.

ಈಗ ಹಿಂದಿರುಗಿ ನೋಡೋಣ. ಇವರೆಲ್ಲ ಒಂದುಗೂಡುವ ಮೊದಲು ಈ ಅರಿವು ಇರಲೇ ಇಲ್ಲವೇ? ಇತ್ತು, ಆದರೆ ಚೂರುಚೂರಾಗಿತ್ತು. ತಯಾರಿಕೆಯ ವೇಳೆ ಒಂದಿಷ್ಟು ಔಷಧಿ ತೊಳೆದ ನೀರಿನೊಂದಿಗೆ ಹೋಗುತ್ತದೆ ಎಂಬುದು ಔಷಧಿ ತಯಾರಿಸುವವರಿಗೆ ತಿಳಿಯದ್ದಲ್ಲ. ಆಂಟಿಬಯೋಟಿಕ್‌ಗೆ ಒಡ್ಡಿದಲ್ಲೆಲ್ಲ ನಿರೋಧಕ ಬ್ಯಾಕ್ಟೀರಿಯ ಬೆಳೆಯುತ್ತದೆ ಎಂಬುದು ಸೂಕ್ಷ್ಮಜೀವಿಶಾಸ್ತ್ರದ ಮೊದಲ ವರ್ಷದ ಪಾಠ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣದಲ್ಲೇ ಈ ಎಚ್ಚರಿಕೆ ಇತ್ತು. ಮಾತ್ರೆಗಳು ಕೆಲಸ ಮಾಡುತ್ತಿಲ್ಲ ಎಂಬುದು ವೈದ್ಯರಿಗೆ ಗೊತ್ತಿತ್ತು. ಮಾಲಿನ್ಯ ಅಳೆಯುವವರು ಆಮ್ಲತೆ, ಆಮ್ಲಜನಕದ ಬೇಡಿಕೆ ಮುಂತಾದವನ್ನು ಅಳೆಯುತ್ತಿದ್ದರು. ಔಷಧಿಯ ಅಂಶಕ್ಕೆ ನಿಯಮಗಳಲ್ಲಿ ಮಿತಿಯೇ ಇರಲಿಲ್ಲವಾದ್ದರಿಂದ ಅದನ್ನು ಯಾರೂ ಹುಡುಕಲಿಲ್ಲ. ತಮ್ಮ ತಮ್ಮ ಮಟ್ಟಿಗೆ ಬಹಳಷ್ಟು ಮಂದಿ ಸುಳ್ಳು ಹೇಳಿದವರಲ್ಲ. ಆದರೆ ಪ್ರತಿಯೊಬ್ಬರ ಸತ್ಯವೂ ಅವರವರ ಕೋಣೆಯಲ್ಲೇ ಉಳಿಯಿತು. ಅರಿವು ಹಂಚಿಹೋದಾಗ ಹೊಣೆಯೂ ಹಂಚಿಹೋಗುತ್ತದೆ. ಹೊಣೆ ಎಷ್ಟು ತೆಳುವಾಗಿ ಹಂಚಿಹೋಗುತ್ತದೆ ಎಂದರೆ, ಯಾರ ಹೆಗಲಿಗೂ ಅದರ ಭಾರ ತಾಗುವುದಿಲ್ಲ.

ಒಂದು ಗುಂಪಿಗೆ ಮಾತ್ರ ಇಂಥ ಕೋಣೆಗಳಿರಲಿಲ್ಲ. ಅವರು ಹಳ್ಳಿಗರು. ನೀರಿನ ಬಣ್ಣ, ವಾಸನೆ, ಬೆಳೆ, ದನಕರು, ಮಕ್ಕಳ ಮೈಮೇಲಿನ ತುರಿಕೆ ಇವೆಲ್ಲ ಅವರಿಗೆ ಬೇರೆ ಬೇರೆ ವಿಷಯಗಳಾಗಿರಲಿಲ್ಲ. ಪಟಾಂಚೆರುವಿನ ಮಾಲಿನ್ಯದ ದೂರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು 1990ರಲ್ಲಿ. ಸ್ವೀಡನ್ನಿನವರ ಅಂಕಿಅಂಶ ಬಂದದ್ದು 2007ರಲ್ಲಿ. ಹದಿನೇಳು ವರ್ಷಗಳ ಈ ಅಂತರದಲ್ಲಿ ಊರವರ ಮಾತಿಗೆ 'ಅನಿಸಿಕೆ' ಎಂಬ ಬೆಲೆಯಷ್ಟೇ ಇತ್ತು. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೊರಗಿನವರು ಹೇಳಿದ ಮೇಲೆ ಅದು ಜಗತ್ತಿಗೆಲ್ಲ 'ಸಂಗತಿ'ಯಾಯಿತು. ಬಹುಶಿಸ್ತೀಯ ಎನ್ನುವಾಗ ನಾವು ಐದಾರು ವಿಭಾಗಗಳ ಪ್ರಾಧ್ಯಾಪಕರನ್ನು ಒಂದು ಮೇಜಿನ ಸುತ್ತ ಕೂರಿಸುವುದನ್ನಷ್ಟೇ ನೆನೆಯುತ್ತೇವೆ. ಆ ಮೇಜಿನ ಬಳಿ ಬಾವಿಯ ಒಡೆಯನಿಗೂ ಒಂದು ಕುರ್ಚಿ ಇರಬೇಕಲ್ಲವೇ?

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದೂ ಹೌದು. ತನ್ನ ವಿಷಯದ ಎಲ್ಲೆ ಮೀರಿ ಮಾತಾಡುವ ಪಂಡಿತರಿಂದ ಆದ ಅನಾಹುತಗಳು ಕಡಿಮೆಯೇನಲ್ಲ. ಬ್ಯಾಕ್ಟೀರಿಯ ಎಣಿಸಿದ ಹುಡುಗಿ "ಮೀನು ತಿನ್ನಬೇಡಿ" ಎಂದು ಬಿಟ್ಟಿದ್ದರೆ, ಬರಿಯ ಊಹೆಯ ಮೇಲೆ ಆ ಮುದುಕರ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಎಲ್ಲೆಯೊಳಗೆ ನಿಲ್ಲುವುದೇ ವಿಜ್ಞಾನದ ಶಿಸ್ತು. ಇದನ್ನು ನಾನು ಒಪ್ಪುತ್ತೇನೆ. ಆದರೆ "ನನಗೆ ತಿಳಿಯದು" ಎನ್ನುವುದಕ್ಕೂ "ತಿಳಿಯುವುದು ನನ್ನ ಕೆಲಸವಲ್ಲ" ಎನ್ನುವುದಕ್ಕೂ ಅಂತರವಿದೆ. ಮೊದಲನೆಯದು ವಿನಯ. ಅದು ಮನುಷ್ಯನನ್ನು ಪಕ್ಕದ ಕೋಣೆಯ ಬಾಗಿಲು ತಟ್ಟುವಂತೆ ಮಾಡುತ್ತದೆ. ಎರಡನೆಯದು ತನ್ನ ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿಕೊಳ್ಳುತ್ತದೆ.

ಆಂಟಿಬಯೋಟಿಕ್‌ಗಳ ಚರಿತ್ರೆಯೇ ಬಾಗಿಲು ತಟ್ಟಿದವರ ಚರಿತ್ರೆ. ಕ್ಷಯಕ್ಕೆ ಮೊದಲ ಪರಿಣಾಮಕಾರಿ ಔಷಧಿಯಾದ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದ ಮಣ್ಣಿನ ಪ್ರಯೋಗಶಾಲೆಯಲ್ಲಿ. ಸೆಲ್ಮನ್ ವಾಕ್ಸ್‌ಮನ್ ಮಣ್ಣಿನ ಸೂಕ್ಷ್ಮಜೀವಿಗಳನ್ನು ಓದಿದವರು. ಅವರ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಜ್ ಆ ಔಷಧಿ ಕೊಡುವ ಜೀವಿಯನ್ನು ಬೇರ್ಪಡಿಸಿದರು. ಮಣ್ಣಿನ ವಿಜ್ಞಾನಿ "ಕ್ಷಯ ನನ್ನ ವಿಷಯವಲ್ಲ" ಎಂದಿದ್ದರೆ ಎಷ್ಟು ಕುಟುಂಬಗಳು ಉಳಿಯುತ್ತಿರಲಿಲ್ಲವೋ! ಅಲ್ಲಿಯೂ ಕೊನೆಯಲ್ಲಿ ಮನುಷ್ಯಸಹಜ ಕಹಿ ಬಂತೆನ್ನಿ. ತನಗೆ ಸಲ್ಲಬೇಕಾದ ಶ್ರೇಯಕ್ಕಾಗಿ ಶಾಟ್ಜ್ 1950ರಲ್ಲಿ ಕೋರ್ಟಿಗೆ ಹೋಗಬೇಕಾಯಿತು. 1952ರ ನೊಬೆಲ್ ಪ್ರಶಸ್ತಿ ವಾಕ್ಸ್‌ಮನ್ ಒಬ್ಬರಿಗೇ ಹೋಯಿತು. ಅದೇನೇ ಇರಲಿ, ಮಣ್ಣು ನಮಗೆ ಮದ್ದು ಕೊಟ್ಟಿತು. ಮದ್ದಿನ ಹೆಸರಿನಲ್ಲಿ ನಾವು ಮಣ್ಣಿಗೂ ನೀರಿಗೂ ಹಿಂದಿರುಗಿಸಿದ್ದು ಏನನ್ನು ಎಂಬುದಕ್ಕೆ ಪಟಾಂಚೆರು ಸಾಕ್ಷಿ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಅಗ್ಗದ ಔಷಧಿಯಿಂದ ಬಡವರ ಜೀವ ಉಳಿಯುತ್ತದೆ. 2001ರಲ್ಲಿ ನಮ್ಮ ದೇಶದ ಸಿಪ್ಲಾ ಕಂಪನಿ ಏಡ್ಸ್ ಔಷಧಿಯನ್ನು ದಿನಕ್ಕೆ ಒಂದು ಡಾಲರಿಗೂ ಕಡಿಮೆ ದರದಲ್ಲಿ ಕೊಡುತ್ತೇನೆ ಎಂದಾಗ ಆಫ್ರಿಕದ ಲಕ್ಷಾಂತರ ಮನೆಗಳಿಗೆ ಬೆಳಕು ಕಂಡಿತು. ಹೀಗಿರುವಾಗ ಒಂದು ಹಳ್ಳದ ಶುದ್ಧಿಗಾಗಿ ಕಾರ್ಖಾನೆಗಳನ್ನು ಹಿಂಡಿ ಔಷಧಿಯ ಬೆಲೆ ಏರಿಸಬೇಕೇ? ಸಾವಿರ ರೋಗಿಗಳ ಪ್ರಾಣ ದೊಡ್ಡದೋ, ಹತ್ತು ಹಳ್ಳಿಗಳ ಬಾವಿ ದೊಡ್ಡದೋ? ಪ್ರಶ್ನೆಯನ್ನು ಹೀಗೆ ಕೇಳಿದರೆ ಬಾವಿ ಯಾವಾಗಲೂ ಸೋಲುತ್ತದೆ. ಆದರೆ ಲೆಕ್ಕವೇ ತಪ್ಪು. ಮಾತ್ರೆ ನಿಜವಾಗಿ ಅಗ್ಗವಾಗಿಲ್ಲ. ಅದರ ಬೆಲೆಯ ಒಂದು ಪಾಲನ್ನು ಅಂಗಡಿಯಲ್ಲಿ ನಾವು ಕೊಟ್ಟೆವು, ಇನ್ನೊಂದು ಪಾಲನ್ನು ನಮಗೆ ಕಾಣದ ಹಳ್ಳಿಗರು ಕೊಟ್ಟರು. ಮೂರನೆಯ ಪಾಲನ್ನು ಆ ಮಾತ್ರೆಯನ್ನೇ ನಂಬಿ ಹಾಸಿಗೆ ಹಿಡಿದಿರುವ ನಾಳೆಯ ರೋಗಿ ಕೊಡಬೇಕಾಗುತ್ತದೆ, ಏಕೆಂದರೆ ಅಂದು ಅದು ಕೆಲಸ ಮಾಡದಿರಬಹುದು. ಔಷಧಿಗೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಸಾವುಗಳಾದವು ಎಂದು 2022ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ಅಧ್ಯಯನವೊಂದು ಅಂದಾಜಿಸಿದೆ. ಅದೆಲ್ಲವೂ ಕಾರ್ಖಾನೆಯ ನೀರಿನಿಂದಲ್ಲ. ಚೀಟಿಯಿಲ್ಲದೆ ಮಾರಿದ ಮಾತ್ರೆ, ಎರಡು ದಿನಕ್ಕೇ ನಿಲ್ಲಿಸಿದ ಮಾತ್ರೆ, ಕೋಳಿಗೆ ತಿನ್ನಿಸಿದ ಮಾತ್ರೆ, ಎಲ್ಲಕ್ಕೂ ಅದರಲ್ಲಿ ಪಾಲಿದೆ. ಜ್ವರ ಇಳಿದ ಕೂಡಲೇ ಉಳಿದ ಮಾತ್ರೆಗಳನ್ನು ಡಬ್ಬಿಗೆ ಹಾಕಿಟ್ಟ ನನಗೂ ಪಾಲಿದೆ.

ಸ್ವೀಡನ್ನಿಗೂ ಇದೆ. ತಮ್ಮ ದೇಶದ ಔಷಧಿ ಅಂಗಡಿಗಳಲ್ಲಿ ಮಾರಾಟವಾಗುವ ಮಾತ್ರೆಗಳ ಮೂಲದ್ರವ್ಯ ಎಲ್ಲಿಂದ ಬರುತ್ತದೆ ಎಂದು ಲಾರ್ಸನ್ ಅವರೇ ಹುಡುಕಿದರು. ಅದರಲ್ಲಿ ಬಹಳಷ್ಟು ಭಾರತದ್ದು, ಅದರಲ್ಲೂ ಒಂದು ಪಾಲು ಇದೇ ಪಟಾಂಚೆರುವಿನದು ಎಂದು ತಿಳಿಯಿತು. ಹಾಗೆ, ಬಾಟಲಿ ಹಿಡಿದು ಮಾದರಿ ತೆಗೆಯಲು ಬಂದವರ ದೇಶವೇ ಗಿರಾಕಿಯೂ ಆಗಿತ್ತು. ಇದನ್ನು ಅವರು ಮುಚ್ಚಿಡಲಿಲ್ಲ, ಬರೆದು ಪ್ರಕಟಿಸಿದರು. ದೂರದಿಂದ ಬಂದು ಬೆರಳು ತೋರಿಸುವುದು ಸುಲಭ. ತೋರಿಸಿದ ಬೆರಳು ತನ್ನ ಕಡೆಗೂ ತಿರುಗುತ್ತದೆ ಎಂದು ಹೇಳುವುದು ಕಷ್ಟದ ಕೆಲಸ.

ನಾವು ಆ ಕಷ್ಟದ ಕೆಲಸ ಮಾಡಿದೆವೇ? 2010ರ ಗದ್ದಲ ಓದುಗರಿಗೆ ನೆನಪಿರಬಹುದು. ಭಾರತಕ್ಕೆ ಬಂದು ಹೋಗಿದ್ದ ರೋಗಿಯೊಬ್ಬರ ದೇಹದಲ್ಲಿ ಮೊದಲು ಸಿಕ್ಕ ಒಂದು ನಿರೋಧಕ ಜೀನಿಗೆ ವಿಜ್ಞಾನಿಗಳು ನವದೆಹಲಿಯ ಹೆಸರಿಟ್ಟಿದ್ದರು. ಎನ್.ಡಿ.ಎಂ.-1 ಎಂಬ ಆ ಹೆಸರು ದೇಶಕ್ಕೆ ಅವಮಾನ, ನಮ್ಮ ಆಸ್ಪತ್ರೆಗಳಿಗೆ ಬರುವ ವಿದೇಶಿ ರೋಗಿಗಳನ್ನು ತಡೆಯುವ ಸಂಚು ಎಂಬ ಕೂಗು ಎದ್ದಿತು. ಹೆಸರಿನ ಬಗೆಗಿನ ಆಕ್ಷೇಪದಲ್ಲಿ ಹುರುಳಿತ್ತು. ರೋಗಕ್ಕೋ ರೋಗಾಣುವಿಗೋ ಊರಿನ ಹೆಸರಿಟ್ಟು ಅಲ್ಲಿಯ ಜನರ ಹಣೆಗೆ ಮಸಿ ಬಳಿಯುವುದು ಸರಿಯಲ್ಲ. ಆದರೆ ಹೆಸರಿನ ಜಗಳದಲ್ಲಿ ನೀರಿನ ಪ್ರಶ್ನೆ ಹಿಂದೆ ಬಿತ್ತು. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೆಹಲಿಯ ಬೀದಿಗಳಲ್ಲಿ ನಿಂತ ನೀರಿನ 171 ಮಾದರಿಗಳ ಪೈಕಿ 51ರಲ್ಲೂ, ನಲ್ಲಿ ನೀರಿನ 50 ಮಾದರಿಗಳ ಪೈಕಿ 2ರಲ್ಲೂ ಆ ಜೀನ್ ಸಿಕ್ಕಿತು. ಆ ನಲ್ಲಿಯ ನೀರು ಕುಡಿಯುವ ಮಗುವಿಗೆ ಜೀನಿನ ಹೆಸರು ಏನಾದರೇನು? ಗೌರವಕ್ಕೆ ಧಕ್ಕೆಯಾದಾಗ ಸಿಟ್ಟಾಗುವ ನಾವು ನೀರಿಗೆ ಧಕ್ಕೆಯಾದಾಗ ಅಷ್ಟೇ ಸಿಟ್ಟಾಗುತ್ತೇವೆಯೇ?

ಅರಿವು ಕೂಡಿ ಬಂದ ಮಾತ್ರಕ್ಕೆ ಕೆಲಸ ಆಗುತ್ತದೆ ಎಂದೂ ಅಲ್ಲ. ಔಷಧಿ ಕಾರ್ಖಾನೆಗಳ ತ್ಯಾಜ್ಯದಲ್ಲಿ ಆಂಟಿಬಯೋಟಿಕ್ ಎಷ್ಟಿರಬಹುದು ಎಂದು ಮಿತಿ ಹಾಕುವ ಕರಡು ನಿಯಮವನ್ನು ಕೇಂದ್ರ ಸರ್ಕಾರ 2020ರ ಜನವರಿಯಲ್ಲಿ ಹೊರಡಿಸಿತು. ಜಗತ್ತಿನ ಹಲವರು ಅದನ್ನು ಮೆಚ್ಚಿದರು. 2021ರ ಆಗಸ್ಟಿನಲ್ಲಿ ಅಂತಿಮ ನಿಯಮ ಬಂದಾಗ ಆ ಮಿತಿಗಳು ಅದರಲ್ಲಿರಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದೇ ವಿಷಯದಲ್ಲಿ ಮೊದಲ ಬಾರಿಗೆ ಮಾರ್ಗದರ್ಶಿ ಸೂತ್ರಗಳನ್ನು ಪ್ರಕಟಿಸಿದೆ. ಅವು ಸಲಹೆಗಳೇ ಹೊರತು ಕಾನೂನಲ್ಲ. ಕರಡಿನಿಂದ ಅಂತಿಮ ನಿಯಮಕ್ಕೆ ಬರುವ ಹಾದಿಯಲ್ಲಿ ಅಂಕಿಗಳು ಬಿದ್ದುಹೋಗುವಾಗ, ಆ ಅಂಕಿಗಳನ್ನು ಬಲ್ಲವರು ಎಷ್ಟು ಮಂದಿ ಎದ್ದುನಿಂತು ಕೇಳಿದರು? ನಮ್ಮ ನೂರಾರು ವಿಶ್ವವಿದ್ಯಾಲಯಗಳಲ್ಲಿ ಸೂಕ್ಷ್ಮಜೀವಿಶಾಸ್ತ್ರ, ಪರಿಸರ ವಿಜ್ಞಾನ ಬೋಧಿಸುವವರಿಗೆ ಇದು ತಮ್ಮ ಮನೆಯ ವಿಷಯವೆಂದು ಅನಿಸಿತೇ?

ನದಿಯಿಂದ ಮಾದರಿ ತೆಗೆಯುವುದು ಎಂದರೆ ಸಾಲ ತೆಗೆದಂತೆ ಎಂದು ನನಗನಿಸುತ್ತದೆ. ಆ ನೀರಿನಿಂದ ಪದವಿ ಸಿಗುತ್ತದೆ, ಪ್ರಬಂಧ ಅಚ್ಚಾಗುತ್ತದೆ, ಬಡ್ತಿ ಬರುತ್ತದೆ. ದಂಡೆಯ ಜನರಿಗೆ ಏನು ಸಿಕ್ಕಿತು? ಫಲಿತಾಂಶ ಅವರಿಗೆ ಬಾರದ ಭಾಷೆಯಲ್ಲಿ, ಅವರ ಕೈಗೆಟುಕದ ಪತ್ರಿಕೆಯಲ್ಲಿ ಇರುತ್ತದೆ. ಸಾಲ ತೀರಿಸಲು ಬಹಳ ಖರ್ಚೇನೂ ಬೇಕಿಲ್ಲ. ಮಾದರಿ ತೆಗೆದ ಊರಿನ ಪಂಚಾಯಿತಿಗೆ ಅವರದೇ ನುಡಿಯಲ್ಲಿ ಒಂದು ಪುಟದ ವರದಿ ಕೊಡಬಹುದು. ನಮಗೆ ಇಷ್ಟು ತಿಳಿಯಿತು, ಇಷ್ಟು ತಿಳಿಯಲಿಲ್ಲ, ತಿಳಿಯದ್ದನ್ನು ಇಂಥವರಲ್ಲಿ ಕೇಳಿದ್ದೇವೆ ಎಂದು ಅದರಲ್ಲಿ ಬರೆಯಬಹುದು. ಪ್ರಾಜೆಕ್ಟಿಗೆ ಅಂಕ ಕೊಡುವವರು ಈ ಪುಟವನ್ನೂ ಕೇಳಿದರೆ ಸಾಕು, ವಿಭಾಗಗಳ ನಡುವಿನ ಬಾಗಿಲುಗಳು ತಾವಾಗಿಯೇ ತೆರೆದುಕೊಂಡಾವು. ಏಕೆಂದರೆ ಆ ಒಂದು ಪುಟವನ್ನು ಯಾವ ಒಂದು ವಿಭಾಗವೂ ತಾನೊಂದೇ ಬರೆಯಲಾರದು.

ಅಕ್ಕನ ಮಗಳು ಈಗ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಮೊನ್ನೆ ಸಿಕ್ಕಾಗ ಆ ಮುದುಕರ ಮಾತು ಬಂತು. ಪ್ರಾಜೆಕ್ಟಿಗೆ ಹೊರಡುವ ವಿದ್ಯಾರ್ಥಿಗಳಿಗೆ ಅವಳು ಆ ಕತೆ ಹೇಳುತ್ತಾಳಂತೆ. ನೀರು ತುಂಬಿಸುವ ಮೊದಲು ದಂಡೆಯಲ್ಲಿರುವವರ ಪ್ರಶ್ನೆ ಕೇಳಿ ಬರೆದುಕೊಳ್ಳಿ ಎನ್ನುತ್ತಾಳಂತೆ. "ಆ ಅಜ್ಜ ಇದ್ದಾರೋ ಇಲ್ಲವೋ ಗೊತ್ತಿಲ್ಲ ಮಾಮ" ಎಂದಳು. "ಅವರು ಕೇಳಿದ್ದಕ್ಕೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಆದರೆ ಈಗಾದರೆ ಅವರನ್ನು ಕೂರಿಸಿ, ಯಾರ ಹತ್ತಿರ ಕೇಳಬೇಕೋ ಅವರ ಹತ್ತಿರ ಹೋಗಿ ಕೇಳಿಕೊಂಡು ಬರ್ತಿದ್ದೆ."